ಹಟ್ಟಿಯಲ್ಲೊಂದು ಸಂಜೆಯ ಕಲಿಕಾ ಕೇಂದ್ರ: ಸ್ವಯಂಸೇವಕರಿಗೊಂದು ಕೈಪಿಡಿ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಹಳ್ಳಿ, ಹಟ್ಟಿ, ತಾಂಡಾಗಳಲ್ಲಿ ದೊಡ್ಡವರಿಗೆ ಓದು ಬರಹ ಕಲಿಸಲು ಹೊರಟಿರುವ ಸಣ್ಣ ಸಂಸ್ಥೆಗಳಿಗೂ ಅಲ್ಲಿ ದುಡಿಯುವ ಸ್ವಯಂಸೇವಕರಿಗೂ ಉಪಯೋಗಕ್ಕೆ ಬರಲೆಂದು ಇದನ್ನು ಬರೆದಿದ್ದೇನೆ. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಸಾಕ್ಷರತೆ ಶೇ 73.71, ದಾವಣಗೆರೆ ಜಿಲ್ಲೆಯದು ಶೇ 75.74. ರಾಜ್ಯದ ಸರಾಸರಿ ಶೇ 75.36 ಆಗಿದ್ದರಿಂದ ನಮ್ಮ ಸೀಮೆ ತೀರ ಹಿಂದೆ ಉಳಿದಂತೆ ಕಾಣುವುದಿಲ್ಲ. ಆದರೆ ಅದೇ ಗಣತಿಯಲ್ಲಿ ರಾಜ್ಯದ ಗಂಡಸರ ಸಾಕ್ಷರತೆ ಶೇ 82.47 ಇದ್ದರೆ ಹೆಂಗಸರದು ಶೇ 68.08 ಮಾತ್ರ ಇತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಸಂಜೆ ಚಾಪೆ ಹಾಸಿದಾಗ ಬಂದು ಕೂರುವವರಲ್ಲಿ ಹೆಚ್ಚಿನವರು ಯಾರಾಗಿರುತ್ತಾರೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಜನಗಣತಿಯ ಕಣ್ಣಿನಲ್ಲಿ ಸಾಕ್ಷರರೆಂದರೆ ಯಾವುದಾದರೂ ಒಂದು ಭಾಷೆಯನ್ನು ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲ, ಏಳು ವರ್ಷ ಮೇಲ್ಪಟ್ಟವರು. ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತವರೆಲ್ಲ ಆ ಲೆಕ್ಕಕ್ಕೆ ಸೇರುವುದಿಲ್ಲ.

ಹಲವು ವರ್ಷ ಈ ಕೆಲಸದಲ್ಲಿದ್ದು ನಾನು ಕಂಡುಕೊಂಡದ್ದು ಇಷ್ಟೇ: ಅಕ್ಷರ ಕಲಿಸುವುದು ಅಂಥ ಕಷ್ಟದ ಕೆಲಸವಲ್ಲ, ಮೊದಲ ದಿನ ಬಂದವರನ್ನು ನೂರನೆಯ ದಿನವೂ ಅದೇ ಚಾಪೆಯ ಮೇಲೆ ಕೂರಿಸುವುದು ಕಷ್ಟ. ಆದ್ದರಿಂದ ಇಲ್ಲಿ ಪಾಠದ ವಿಧಾನಕ್ಕಿಂತ ಮೊದಲು ಕಾಲ, ಜಾಗ, ಕನ್ನಡಕಗಳ ಮಾತು ಬರುತ್ತದೆ.

ಯಾವಾಗ, ಎಲ್ಲಿ

ಓದು, ಬರಹ ಮತ್ತು ಸರಳ ಲೆಕ್ಕವನ್ನು ಕಲಿಸಲು 1990ರ ದಶಕದ ಸಾಕ್ಷರತಾ ಆಂದೋಲನದ ಕಾಲದಿಂದಲೂ ಸುಮಾರು 200 ಗಂಟೆಗಳ ಕಲಿಕೆ ಬೇಕೆಂದು ಲೆಕ್ಕ ಹಾಕುತ್ತ ಬಂದಿದ್ದಾರೆ. ದಿನಕ್ಕೆ ಒಂದೂವರೆ ಗಂಟೆಯಂತೆ ವಾರಕ್ಕೆ ಆರು ದಿನ ತರಗತಿ ನಡೆದರೂ ಇಪ್ಪತ್ತೆರಡು ವಾರ, ಅಂದರೆ ಐದು ತಿಂಗಳಿಗೂ ತುಸು ಹೆಚ್ಚು ಹಿಡಿಯುತ್ತದೆ. ಆ ಐದು ತಿಂಗಳು ಯಾವುವು ಎಂಬುದನ್ನು ನಾವಲ್ಲ, ಬೆಳೆ ನಿರ್ಧರಿಸುತ್ತದೆ. ನಮ್ಮ ಮೊದಲ ಕೇಂದ್ರವನ್ನು ಶಾಲೆಗಳು ತೆರೆಯುವ ಹೊತ್ತಿಗೇ ಚೆನ್ನಾಗಿರುತ್ತದೆಂದು ಜೂನ್ ತಿಂಗಳಲ್ಲಿ ಆರಂಭಿಸಿದೆವು. ಹದವಾಗಿ ಮಳೆ ಬಿದ್ದ ಮರುದಿನವೇ ಊರಿಗೆ ಊರೇ ಶೇಂಗಾ ಬಿತ್ತನೆಗೆ ಹೊರಟುಹೋಯಿತು. ಮೂರನೆಯ ವಾರ ಲಾಟೀನಿನ ಮುಂದೆ ನಾನೂ ಒಬ್ಬ ಅಜ್ಜಿಯೂ ಮಾತ್ರ ಉಳಿದೆವು, ಅಜ್ಜಿಯೂ ಕೂತಲ್ಲೇ ತೂಕಡಿಸುತ್ತಿದ್ದರು.

ಚಳ್ಳಕೆರೆ, ಹಿರಿಯೂರಿನ ಕಡೆಯ ಶೇಂಗಾ, ದಾವಣಗೆರೆ, ಜಗಳೂರಿನ ಕಡೆಯ ಮೆಕ್ಕೆಜೋಳ ಒಕ್ಕಣೆಯಾಗಿ ಮನೆ ಸೇರಿದ ಮೇಲೆ, ಅಂದರೆ ಡಿಸೆಂಬರಿನಲ್ಲಿ ಆರಂಭಿಸಿ ಮುಂದಿನ ಮುಂಗಾರಿಗೆ ಮೊದಲು ಮುಗಿಸುವುದು ಮಳೆಯಾಶ್ರಿತ ಊರುಗಳಿಗೆ ಹೊಂದುತ್ತದೆ. ಆದರೆ ಸುಗ್ಗಿ ಮುಗಿದೊಡನೆ ಕಾಫಿ ಸೀಮೆಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುವ ತಾಂಡಾಗಳಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಭದ್ರಾ ನಾಲೆಯ ನೀರು ಹರಿಯುವ ಭತ್ತದ ಊರುಗಳಿಗೂ, ಚನ್ನಗಿರಿಯ ಅಡಿಕೆ ತೋಟದ ಊರುಗಳಿಗೂ, ಮಗ್ಗದ ಮುಂದೆ ವರ್ಷವಿಡೀ ಕೂರುವ ಮೊಳಕಾಲ್ಮೂರಿನ ನೇಕಾರರ ಮನೆಗಳಿಗೂ ಬೇರೆ ಬೇರೆ ಪಂಚಾಂಗವಿದೆ. ದಾವಣಗೆರೆ ನಗರದ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರಿಗಂತೂ ಸಂಜೆ ಎಂಬುದೇ ಬಿಡುವಿನ ಹೊತ್ತಲ್ಲ, ಅಲ್ಲಿ ಮಧ್ಯಾಹ್ನದ ತರಗತಿಯೇ ನಡೆಯುವುದು. ಊರಿನವರನ್ನು ಕೇಳಿ, ಅವರು ಹೇಳಿದ ತಿಂಗಳನ್ನೂ ಹೊತ್ತನ್ನೂ ಒಪ್ಪಿಕೊಳ್ಳಬೇಕು. ಜಾತ್ರೆಯ ವಾರ, ಹಬ್ಬದ ದಿನ, ಊರಲ್ಲಿ ಸಾವಾದ ದಿನಗಳಿಗೆ ರಜೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಂಡರೆ ಆಮೇಲೆ ಬೇಸರವಾಗುವುದಿಲ್ಲ.

ಜಾಗದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಊರ ಹಿರಿಯರು ಪ್ರೀತಿಯಿಂದ ದೇವಸ್ಥಾನದ ಜಗಲಿಯನ್ನೇ ಬಿಟ್ಟುಕೊಡುತ್ತಾರೆ. ಆ ಜಗಲಿಯನ್ನು ಹತ್ತದ ಕೇರಿಯವರು ಊರಿನಲ್ಲಿದ್ದರೆ ಅವರು ಬರುವುದಿಲ್ಲ, ಬಾರದಿರಲು ಕಾರಣವನ್ನೂ ಹೇಳುವುದಿಲ್ಲ. ಮುಟ್ಟಿನ ದಿನಗಳಲ್ಲಿ ಹೆಂಗಸರು ಹೊರಗಿರುವ ಪದ್ಧತಿ ಉಳಿದಿರುವ ಹಟ್ಟಿಗಳಲ್ಲಿ ದೇವಸ್ಥಾನದ ತರಗತಿ ಎಂದರೆ ಪ್ರತಿಯೊಬ್ಬರಿಗೂ ತಿಂಗಳಿಗೆ ನಾಲ್ಕೈದು ದಿನ ಕಡ್ಡಾಯ ಗೈರುಹಾಜರಿ ಎಂದೇ ಅರ್ಥ. ಅಂಗನವಾಡಿ, ಶಾಲೆಯ ವರಾಂಡ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಇವು ಯಾವುದೂ ಸಿಗದಿದ್ದರೆ ಎಲ್ಲ ಕೇರಿಯವರೂ ಓಡಾಡುವ ದಾರಿಯಲ್ಲಿರುವ ಒಂದು ಮನೆಯ ಪಡಸಾಲೆ ಮೇಲು. ರಾತ್ರಿ ಕರೆಂಟು ಹೋಗುವುದು ಖಚಿತವಾದ್ದರಿಂದ ಚಾರ್ಜ್ ಮಾಡುವ ದೀಪ ಎರಡಾದರೂ ಇರಬೇಕು.

ಮನೆ ಮನೆ ಭೇಟಿ

ಸಮೀಕ್ಷೆಯ ಹಾಳೆ ಹಿಡಿದುಕೊಂಡು ಹೋಗಿ ‘ನಿಮಗೆ ಓದಲು ಬರುತ್ತದೆಯೇ?’ ಎಂದು ಬಾಗಿಲಲ್ಲಿ ನಿಂತು ಕೇಳಬಾರದು. ಸೊಸೆಯ ಎದುರಿನಲ್ಲಿ, ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತಿರುವಾಗ ‘ಇಲ್ಲ’ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ‘ಮನೆಗೆ ಕಾಗದ ಪತ್ರ ಬಂದರೆ ಯಾರು ಓದಿ ಹೇಳ್ತಾರಮ್ಮ?’ ಎಂದು ಕೇಳಿದರೆ ಬೇಕಾದ ಉತ್ತರ ಸಿಗುತ್ತದೆ, ಯಾರಿಗೂ ಅವಮಾನವಾಗುವುದಿಲ್ಲ. ಜೊತೆಗೆ, ಅವರಿಗೆ ಏನನ್ನು ಓದಬೇಕೆಂಬ ಆಸೆಯಿದೆ ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಬಸ್ಸಿನ ಬೋರ್ಡು, ಸ್ತ್ರೀಶಕ್ತಿ ಸಂಘದ ಪುಸ್ತಕ, ಗೃಹಲಕ್ಷ್ಮಿಯ ದುಡ್ಡು ಬಂತೆಂದು ಮೊಬೈಲಿಗೆ ಬರುವ ಸಂದೇಶ, ಮಗಳ ಲಗ್ನಪತ್ರಿಕೆ, ಹೀಗೆ ಪಟ್ಟಿ ಬೆಳೆಯುತ್ತದೆ. ಮುಂದೆ ಪಾಠಗಳನ್ನು ಕಟ್ಟಲು ಸಿದ್ಧ ಪುಸ್ತಕಕ್ಕಿಂತ ಈ ಪಟ್ಟಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನವ್ವ’ ಎಂಬ ಮಾತನ್ನು ಹತ್ತು ಮನೆಗಳಲ್ಲಿ ಒಂಬತ್ತರಲ್ಲಾದರೂ ಕೇಳಬೇಕಾಗುತ್ತದೆ. ಇದಕ್ಕೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ‘ಸುಮ್ಮನೆ ಬಂದು ಕೂತು ನೋಡ್ರಿ’ ಎಂದು ಕರೆದು ಬರುವುದೇ ಸರಿ.

ಯಾರು ಕಲಿಸಬೇಕು

ನಗರದಿಂದ ವಾರಕ್ಕೆರಡು ದಿನ ಬಂದು ಹೋಗುವ ಪದವೀಧರರಿಗಿಂತ, ಹತ್ತನೆಯ ತರಗತಿ ಮುಗಿಸಿ ಆ ಊರಿಗೆ ಸೊಸೆಯಾಗಿ ಬಂದಿರುವ ಹೆಣ್ಣುಮಗಳು ಒಳ್ಳೆಯ ಸ್ವಯಂಸೇವಕಿಯಾಗುತ್ತಾಳೆ. ಆಕೆ ದಿನವೂ ಊರಿನಲ್ಲಿರುತ್ತಾಳೆ, ಯಾರ ಮನೆಯಲ್ಲಿ ಏನು ತೊಂದರೆ ಎಂಬುದು ಆಕೆಗೆ ಗೊತ್ತಿರುತ್ತದೆ. ಕಾಲೇಜುಗಳ ಎನ್‌ಎಸ್‌ಎಸ್ ವಿದ್ಯಾರ್ಥಿಗಳನ್ನು ಸಮೀಕ್ಷೆಗೆ, ಗೋಡೆ ಬರಹಕ್ಕೆ, ದಾಖಲೆ ತುಂಬುವುದಕ್ಕೆ ಬಳಸಿಕೊಳ್ಳಬಹುದು. ಪರೀಕ್ಷೆ ಬಂದರೆ ಅವರು ಮಾಯವಾಗುತ್ತಾರೆ, ಅದು ಅವರ ತಪ್ಪಲ್ಲ. ಒಬ್ಬ ಸ್ವಯಂಸೇವಕರಿಗೆ ಎಂಟು ಹತ್ತು ಮಂದಿಗಿಂತ ಹೆಚ್ಚು ಕಲಿಯುವವರನ್ನು ಒಪ್ಪಿಸಬಾರದು. ಮೊಳಕಾಲ್ಮೂರು, ಚಳ್ಳಕೆರೆಯ ಗಡಿ ಊರುಗಳಲ್ಲಿ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ದಾವಣಗೆರೆಯ ಕೆಲವು ಬಡಾವಣೆಗಳಲ್ಲಿ ಉರ್ದು. ಅಂಥ ಕಡೆ ಅದೇ ಮಾತು ಬಲ್ಲವರು ಕಲಿಸಿದರೆ ಅರ್ಧ ಅಂಜಿಕೆ ಅಲ್ಲೇ ಕಳೆಯುತ್ತದೆ.

ಎರಡು ದಿನದ ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ನಡೆನುಡಿಯ ವಿಚಾರ. ವಯಸ್ಸಿಗೆ ತಕ್ಕಂತೆ ಅಕ್ಕ, ಅವ್ವ, ದೊಡ್ಡಮ್ಮ, ಅಣ್ಣ ಎಂದು ಕರೆಯಬೇಕು, ಬಹುವಚನ ತಪ್ಪಬಾರದು. ಕೆಂಪು ಶಾಯಿ ಬೇಡ, ತಪ್ಪಿನ ಮೇಲೆ ಗೀಟು ಎಳೆಯುವುದು ಬೇಡ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತೋರಿಸಿದರೆ ಸಾಕು. ಒಮ್ಮೆ ನಮ್ಮ ಕೇಂದ್ರಕ್ಕೆ ಭೇಟಿ ಕೊಟ್ಟ ಅಧಿಕಾರಿಯೊಬ್ಬರು ಒಬ್ಬಾಕೆಯನ್ನು ಎಬ್ಬಿಸಿ ಎಲ್ಲರ ಮುಂದೆ ಹಲಗೆಯ ಮೇಲೆ ಹೆಸರು ಬರೆಯಲು ಹೇಳಿದರು. ಅವರ ಉದ್ದೇಶ ಒಳ್ಳೆಯದೇ ಇತ್ತು, ಆದರೆ ಆಕೆಯ ಕೈ ನಡುಗಿ ಸೀಮೆಸುಣ್ಣ ಕೆಳಗೆ ಬಿತ್ತು. ಮರುದಿನದಿಂದ ಆಕೆ ಬರಲಿಲ್ಲ, ಮೂರು ಸಲ ಮನೆಗೆ ಹೋದರೂ ‘ಕೆಲ್ಸ ಐತಿ’ ಎಂದೇ ಹೇಳಿ ಕಳಿಸಿದರು. ಅಂದಿನಿಂದ ಯಾರೇ ಭೇಟಿಗೆ ಬಂದರೂ, ಕಲಿಯುವವರು ತಾವಾಗಿಯೇ ಮುಂದೆ ಬಂದ ಹೊರತು ಯಾರನ್ನೂ ಹಲಗೆಗೆ ಕರೆಯಬಾರದೆಂದು ನಿಯಮ ಮಾಡಿಕೊಂಡಿದ್ದೇವೆ.

ಮೊದಲು ಕನ್ನಡಕ

ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ, ಅದಕ್ಕೇ ನಮ್ಮಲ್ಲಿ ಆ ದೋಷಕ್ಕೆ ಚಾಳೀಸು, ಅಂದರೆ ನಲವತ್ತು, ಎಂಬ ಹೆಸರೇ ಇದೆ. ಓದು ಬಲ್ಲವರಿಗೆ ಪತ್ರಿಕೆಯನ್ನು ದೂರ ಹಿಡಿಯಬೇಕಾಗಿ ಬಂದಾಗ ಇದು ಗೊತ್ತಾಗುತ್ತದೆ. ಎಂದೂ ಓದದವರಿಗೆ ಗೊತ್ತಾಗುವ ಬಗೆ ಯಾವುದು? ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ, ಅಕ್ಕಿಯ ಕಲ್ಲನ್ನು ಸೊಸೆಯಿಂದ ಆರಿಸುತ್ತಾರೆ, ಅಷ್ಟೇ. ಅಂಥವರು ನಮ್ಮ ತರಗತಿಗೆ ಬಂದು, ಪುಸ್ತಕದಲ್ಲಿ ಇರುವೆ ಸಾಲಿನಂತೆ ಕಾಣುವುದನ್ನು ನೋಡಿ, ‘ನನ್ನ ತಲೆಗೆ ಹತ್ತಲ್ಲ’ ಎಂದು ತಾವೇ ತೀರ್ಮಾನಿಸಿ ಎದ್ದು ಹೋಗುತ್ತಾರೆ. ತಲೆಗೆ ಹತ್ತದ್ದಲ್ಲ, ಕಣ್ಣಿಗೆ ಕಾಣದ್ದು.

ಆದ್ದರಿಂದ ಮೊದಲ ವಾರದಲ್ಲೇ ಸೂಜಿ ದಾರದ ಪರೀಕ್ಷೆ ಮಾಡಿ, ಪೋಣಿಸಲಾಗದವರನ್ನೆಲ್ಲ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ ಹತ್ತಿರದ ಉಚಿತ ಶಿಬಿರಕ್ಕೋ ಕರೆದೊಯ್ಯಬೇಕು. ಪೊರೆ ಬಂದಿದ್ದರೆ ಅದೂ ಅಲ್ಲೇ ತಿಳಿಯುತ್ತದೆ. ಸಂಸ್ಥೆಯ ಬಳಿ ಇರುವ ಅಲ್ಪ ಹಣದಲ್ಲಿ ಒಂದೇ ಒಂದು ವಸ್ತು ಕೊಳ್ಳಬಹುದಾದರೆ ಬ್ಯಾನರು, ಬ್ಯಾಗು, ಟೀ ಶರ್ಟುಗಳನ್ನು ಬಿಟ್ಟು ಚಾಳೀಸಿನ ಕನ್ನಡಕ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರಿನಿಂದ ಆರಂಭ

ಪುಸ್ತಕಗಳಲ್ಲಿ ಒತ್ತಕ್ಷರ ಕೊನೆಗೆ ಬರುತ್ತದೆ. ಕಲಿಯಲು ಬಂದವರು ಮೊದಲ ದಿನವೇ ಕೇಳುವುದು ತಮ್ಮ ಹೆಸರನ್ನು. ನಮ್ಮ ಸೀಮೆಯ ಹೆಣ್ಣುಮಕ್ಕಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿ: ಮಾರಮ್ಮ, ಓಬಮ್ಮ, ಬೋರಮ್ಮ, ತಿಪ್ಪಮ್ಮ, ಕರಿಯಮ್ಮ, ದುರುಗಮ್ಮ. ಎಲ್ಲದರ ಬಾಲದಲ್ಲೂ ‘ಮ್ಮ’ ಇದೆ. ಹಾಗಾಗಿ ನಾವು ಮೊದಲ ಸಂಜೆಯೇ ‘ಮ್ಮ’ವನ್ನು ಒಂದು ಚಿತ್ರವೆಂಬಂತೆ ಕಲಿಸುತ್ತೇವೆ, ಅದರ ಒಳಗಿನ ವ್ಯಾಕರಣವನ್ನು ಆಮೇಲೆ ಬಿಡಿಸುತ್ತೇವೆ. ಹತ್ತು ಹೆಸರಿನ ಹಾಳೆಯಲ್ಲಿ ಹತ್ತು ಕಡೆ ಅದೇ ರೂಪವನ್ನು ಗುರುತಿಸಿ ಬೆರಳಿಟ್ಟಾಗ ಅವರ ಮುಖದ ಬಿಗಿ ಸಡಿಲವಾಗುತ್ತದೆ. ಗಂಡಸರಿಗೆ ‘ಪ್ಪ’ ಅದೇ ಕೆಲಸ ಮಾಡುತ್ತದೆ. ಲಕ್ಷ್ಮಮ್ಮ ಎಂಬ ಹೆಸರಿನವರಿಗೆ ಮಾತ್ರ ಅನ್ಯಾಯವಾಗುತ್ತದೆ. ಅವರಿಗೆ ‘ಕ್ಷ್ಮ’ ಬಿಡಿಸಲು ತಿಂಗಳೇ ಹಿಡಿಯಬಹುದು, ಇದನ್ನು ಮೊದಲೇ ನಗುತ್ತ ಹೇಳಿಬಿಟ್ಟರೆ ಅವರು ಹಿಂದೆ ಬಿದ್ದೆನೆಂದು ಕೊರಗುವುದಿಲ್ಲ.

ಕುಡುಗೋಲು, ಕಳೆ ತೆಗೆಯುವ ಕುರ್ಚಿಗೆ ಹಿಡಿದು ಬಿಗಿದ ಕೈಗಳು ಪೆನ್ಸಿಲನ್ನೂ ಹಾಗೆಯೇ ಹಿಡಿಯುತ್ತವೆ. ಮೊನೆ ಮುರಿಯುತ್ತದೆ, ಹಾಳೆ ಹರಿಯುತ್ತದೆ. ಆದರೆ ಅವೇ ಕೈಗಳು ಬೆಳಗಾಗೆದ್ದು ಅಂಗಳದಲ್ಲಿ ಚುಕ್ಕಿಯಿಟ್ಟು ಬಳ್ಳಿ ಸುತ್ತಿದ ರಂಗೋಲಿಯನ್ನು ಒಂದೆಳೆ ತಪ್ಪದೆ ಬಿಡಿಸುತ್ತವೆ. ಕನ್ನಡದ ಅಕ್ಷರಗಳಿಗೂ ಬೇಕಾದದ್ದು ಆ ಬಾಗು ಬಳುಕೇ. ಮೊದಲ ವಾರ ಬಳಪವನ್ನೂ ಕೊಡದೆ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ದೊಡ್ಡದಾಗಿ ‘ರ’, ‘ಗ’, ‘ಮ’ ಬಿಡಿಸಲು ಹೇಳಿ. ಆಮೇಲೆ ಸ್ಲೇಟಿಗೆ ಬನ್ನಿ, ಅಲ್ಲಿ ತಪ್ಪಿದ್ದನ್ನು ಸೆರಗಿನ ತುದಿಯಿಂದ ಒರೆಸಿಕೊಂಡರೆ ಯಾರಿಗೂ ಕಾಣುವುದಿಲ್ಲ. ಪುಸ್ತಕ, ಪೆನ್ಸಿಲು ಮೂರನೆಯ ವಾರಕ್ಕೆ ಬಂದರೆ ಸಾಕು.

ವರ್ಣಮಾಲೆಯ 49 ಅಕ್ಷರಗಳನ್ನು ಅ, ಆ, ಇ, ಈ ಎಂದು ಸಾಲಾಗಿ ಕಲಿಸುತ್ತ ಹೋದರೆ ಒಂದು ಪದ ಓದುವ ಹೊತ್ತಿಗೆ ಜನ ಬೇಸತ್ತಿರುತ್ತಾರೆ. ಆಕಾರದ ಹೋಲಿಕೆಯನ್ನು ನೋಡಿ ‘ರ ಗ ಸ ದ ಅ’ದಿಂದ ಆರಂಭಿಸುವ ಕ್ರಮ ನಮ್ಮ ಪ್ರಾಥಮಿಕ ಶಾಲೆಗಳ ನಲಿ ಕಲಿ ತರಗತಿಗಳಲ್ಲಿಯೂ ಇದೆ, ದೊಡ್ಡವರಿಗೂ ಅದೇ ಅನುಕೂಲ. ಈ ಐದೇ ಅಕ್ಷರಗಳಲ್ಲಿ ಅರಸ, ಅಗಸ, ಸರ, ದರ, ಗರಗಸ, ಗದಗ ಎಂದು ಓದಬಹುದು. ಅವುಗಳ ಜೊತೆಗೆ ‘ಜ ವ ಮ ಬ ನ’ ಸೇರಿದರೆ ಜನ, ಮರ, ದನ, ಮಗ, ಬರ. ಈ ಕೊನೆಯ ಪದವನ್ನು ಹಲಗೆಯ ಮೇಲೆ ಬರೆದ ದಿನ ಪಾಠ ಮುಂದಕ್ಕೆ ಹೋಗುವುದಿಲ್ಲ ಎಂದು ತಿಳಿದಿರಿ. ಚಳ್ಳಕೆರೆ ಕಡೆಯ ಯಾವ ಕೇಂದ್ರದಲ್ಲಾದರೂ ಸರಿ, ಎರಡು ಅಕ್ಷರದ ಆ ಪದವನ್ನು ಕೂಡಿಸಿ ಓದಿದ ಕೂಡಲೆ ಒಬ್ಬೊಬ್ಬರೂ ತಾವು ಕಂಡ ಬರದ ಕಥೆ ತೆಗೆಯುತ್ತಾರೆ. ತಡೆಯಬೇಡಿ. ಅವರು ಹೇಳಿದ ಒಂದು ಮಾತನ್ನು ಹಲಗೆಯ ಮೇಲೆ ಬರೆದು, ಮರುದಿನ ಅದನ್ನೇ ಪಾಠ ಮಾಡಿ. ‘ಅ ಆ ಇ ಈ ಯಾಕೆ ಕಲಿಸಲ್ಲ?’ ಎಂದು ಕೆಲವರು ಆಕ್ಷೇಪಿಸುವುದುಂಟು, ಅವರ ಸಮಾಧಾನಕ್ಕೆ ಇಡೀ ವರ್ಣಮಾಲೆಯ ಚಾರ್ಟನ್ನು ಗೋಡೆಗೆ ತೂಗುಹಾಕಿದರಾಯಿತು. ಮಹಾಪ್ರಾಣಗಳನ್ನು ಅವಸರದಲ್ಲಿ ಕಲಿಸಬೇಕಾಗಿಲ್ಲ, ದನ ಮತ್ತು ಧನ ಎರಡನ್ನೂ ಒಂದೇ ರೀತಿ ನುಡಿಯುವವರಿಗೆ ಅವುಗಳ ಬರಹದ ವ್ಯತ್ಯಾಸ ಕೊನೆಗೆ ತಿಳಿದರೆ ಸಾಕು. ಹಾಗೆಯೇ ಶೇಂಗಾವನ್ನು ಸೇಂಗಾ ಎಂದವರ ನಾಲಗೆಯನ್ನು ತಿದ್ದುವುದು ನಮ್ಮ ಕೆಲಸವಲ್ಲ.

ಬಸ್ಸಿನ ಬೋರ್ಡುಗಳ ಪಾಠ

ಗುಣಿತ ಮತ್ತು ಒತ್ತಕ್ಷರಗಳಿಗೆ ನಮ್ಮೆರಡು ಜಿಲ್ಲೆಗಳ ಊರ ಹೆಸರುಗಳೇ ಸಿದ್ಧ ಪಾಠಮಾಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಓಡಾಟ ಹೆಚ್ಚಿದೆ, ಬೋರ್ಡು ಓದುವ ಅಗತ್ಯವೂ ಹೆಚ್ಚಿದೆ. ಒತ್ತಿಲ್ಲದ ಹರಿಹರ, ಜಗಳೂರು, ಹಿರಿಯೂರು, ದಾವಣಗೆರೆಗಳನ್ನು ಮೊದಲು ತೆಗೆದುಕೊಳ್ಳಿ, ಗುಣಿತದ ಮುಖ್ಯ ಚಿಹ್ನೆಗಳು ಅವುಗಳಲ್ಲೇ ಬಂದುಹೋಗುತ್ತವೆ. ಬಳಿಕ ಅಕ್ಷರಕ್ಕೆ ಅದರದೇ ಒತ್ತು ಬರುವ ಚನ್ನಗಿರಿ, ಹೊನ್ನಾಳಿ, ಚಳ್ಳಕೆರೆ. ‘ಮ್ಮ’ ಗೊತ್ತಿರುವವರಿಗೆ ‘ನ್ನ’, ‘ಳ್ಳ’ ಕಷ್ಟವಾಗುವುದಿಲ್ಲ. ಆಮೇಲೆ ಬೇರೆ ಅಕ್ಷರದ ಒತ್ತು ಬರುವ ಹೊಳಲ್ಕೆರೆ, ಮೊಳಕಾಲ್ಮೂರು, ನ್ಯಾಮತಿ. ಕೊಟ್ಟಕೊನೆಗೆ ಹೊಸದುರ್ಗ ಮತ್ತು ಚಿತ್ರದುರ್ಗ. ಅರ್ಕಾವೊತ್ತನ್ನು ‘ಗ’ದ ನಂತರ ಬರೆದು ಮೊದಲು ಓದಬೇಕಾದ ಸೋಜಿಗವನ್ನು ಅರಗಿಸಿಕೊಳ್ಳಲು ಯಾರಿಗಾದರೂ ಎರಡು ಮೂರು ದಿನ ಬೇಕು. ಜಿಲ್ಲಾ ಕೇಂದ್ರದ ಹೆಸರೇ ಅದರ ಹೆಂಗಸರಿಗೆ ಕೊನೆಯ ಪಾಠವಾಗಿರುವುದು ವಿಚಿತ್ರವೇ ಸರಿ. ಹಲಗೆಯ ಪಾಠ ಮುಗಿದ ವಾರ ಎಲ್ಲರನ್ನೂ ಬಸ್ ನಿಲ್ದಾಣಕ್ಕೆ ಕರೆದೊಯ್ದು, ಕಂಡಕ್ಟರು ಕೂಗುವ ಮೊದಲೇ ಬೋರ್ಡು ಓದುವ ಪಂದ್ಯ ನಡೆಸಿ.

ಅಂಕಿ, ಸಹಿ, ಮೊಬೈಲು

ಲೆಕ್ಕ ಇವರಿಗೆ ಬಾರದ ವಿದ್ಯೆಯಲ್ಲ. ಕಾಲು, ಅರೆ, ಮುಕ್ಕಾಲುಗಳ ಲೆಕ್ಕವನ್ನು ನಮಗಿಂತ ಬೇಗ ಬಾಯಲ್ಲೇ ಮಾಡುತ್ತಾರೆ, ಬಾರದಿರುವುದು ಬರೆಯುವುದು ಮಾತ್ರ. ಮೊಬೈಲು, ನೋಟು, ರಸೀದಿಗಳಲ್ಲಿ ಇರುವ 1, 2, 3 ಮೊದಲು ಬರಲಿ, ಕನ್ನಡ ಅಂಕಿಗಳು ಆಮೇಲೆ. ‘ನೂರಾ ಐದು’ ಎಂದರೆ ಕೇಳಿದಂತೆಯೇ 1005 ಎಂದು ಬರೆಯುವ ತಪ್ಪು ಪ್ರತಿಯೊಂದು ಕೇಂದ್ರದಲ್ಲೂ ಆಗುತ್ತದೆ. ಒಂದು ನೂರರ ನೋಟು, ಐದು ಒಂದು ರೂಪಾಯಿ ನಾಣ್ಯಗಳನ್ನು ಎದುರಿಗಿಟ್ಟು, ಹತ್ತರ ಮನೆ ಖಾಲಿಯೆಂದು ತೋರಿಸಿದರೆ ಸೊನ್ನೆಯ ಕೆಲಸ ಅರ್ಥವಾಗುತ್ತದೆ. ನೋಟು ಕೈಯಲ್ಲಿರುವಾಗಲೇ ಅದರ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯ ಸಾಲಾಗಿರುವ ಕನ್ನಡವನ್ನು ಹುಡುಕಿಸಿ, ಕನ್ನಡಕ ಸರಿಯಾಗಿದೆಯೇ ಎಂಬುದೂ ಅಲ್ಲೇ ಪರೀಕ್ಷೆಯಾಗುತ್ತದೆ. ಮೆಕ್ಕೆಜೋಳ ಮಾರಿದ ತೂಕದ ಚೀಟಿ, ಸಂಘದ ಪಾಸ್‌ಬುಕ್ಕಿನ ಜಮಾ, ಖರ್ಚು, ಬಾಕಿ ಇವುಗಳ ಮೇಲೆ ತಲಾ ಒಂದು ವಾರವನ್ನಾದರೂ ವೆಚ್ಚ ಮಾಡಬೇಕು.

ಸಹಿಯ ಬಗ್ಗೆ ಒಂದು ಎಚ್ಚರಿಕೆ. ಹೆಬ್ಬೆಟ್ಟಿನ ಖಾತೆ ಇರುವವರು ಹುರುಪಿನಿಂದ ಬ್ಯಾಂಕಿಗೆ ಹೋಗಿ ಸಹಿ ಹಾಕಿದರೆ, ಅಲ್ಲಿಯ ದಾಖಲೆಗೆ ಅದು ಹೊಂದದೆ ಹಣ ಸಿಗದೆ ಹಿಂದಿರುಗಬೇಕಾಗುತ್ತದೆ. ಒಂದು ತಿಂಗಳು ಒಂದೇ ರೀತಿಯ ಸಹಿಯನ್ನು ಅಭ್ಯಾಸ ಮಾಡಿಸಿ, ಆಮೇಲೆ ಸ್ವಯಂಸೇವಕರೇ ಜೊತೆಗೆ ಹೋಗಿ ಮಾದರಿ ಸಹಿಯನ್ನು ಬದಲಾಯಿಸಿಕೊಡಬೇಕು. ಮೊಬೈಲಿಗೆ ಬರುವ ಓಟಿಪಿಯನ್ನು ಓದಲು ಕಲಿಸುವ ದಿನವೇ ಅದನ್ನು ಯಾರಿಗೂ ಓದಿ ಹೇಳಬಾರದೆಂದೂ ಕಲಿಸಬೇಕು.

ದಾಖಲೆ ಮತ್ತು ಪರೀಕ್ಷೆ

ಸಂಸ್ಥೆಯ ನೋಂದಣಿಗೆ ಮೊದಲ ದಿನವೇ ಓಡಾಡಬೇಕಾಗಿಲ್ಲ. ಒಂದೆರಡು ಕೇಂದ್ರ ನಡೆಸಿ, ಯಾರು ಉಳಿಯುತ್ತಾರೆಂದು ನೋಡಿಕೊಂಡು, ಆಮೇಲೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿಯಲ್ಲಿ ಕನಿಷ್ಠ ಏಳು ಮಂದಿ ಸೇರಿ ನೋಂದಾಯಿಸಬಹುದು. ಅಲ್ಲಿಂದ ಮುಂದೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವುದನ್ನು ಮರೆಯಬಾರದು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ಉಲ್ಲಾಸ್, ಹದಿನೈದು ವರ್ಷ ಮೇಲ್ಪಟ್ಟವರಿಗಾಗಿ ಸ್ವಯಂಸೇವಕರನ್ನೇ ನೆಚ್ಚಿ ರೂಪಿಸಿದ ಯೋಜನೆ. ಕಲಿಯುವವರನ್ನೂ ಕಲಿಸುವವರನ್ನೂ ಅದರ ಆ್ಯಪ್‌ನಲ್ಲಿ ನೋಂದಾಯಿಸಿದರೆ 150 ಅಂಕಗಳ ಪರೀಕ್ಷೆಗೆ ಕೂರಬಹುದು. ಓದು, ಬರಹ, ಲೆಕ್ಕಕ್ಕೆ ತಲಾ 50 ಅಂಕ. ತೇರ್ಗಡೆಯಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪ್ರಮಾಣಪತ್ರ ಸಿಗುತ್ತದೆ. ಜಿಲ್ಲಾ ವಯಸ್ಕರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಮೊದಲೇ ಸಂಪರ್ಕಿಸಿದರೆ ಪುಸ್ತಕಗಳ ವಿಚಾರವೂ ತಿಳಿಯುತ್ತದೆ. ಪರೀಕ್ಷೆಗೆ ಮೊದಲು ಒಂದೆರಡು ಬಾರಿ ಅದೇ ಮಾದರಿಯ ಹಾಳೆಯನ್ನು ಕೊಟ್ಟು ಬರೆಸಿ, ಪ್ರಶ್ನೆಪತ್ರಿಕೆ ಎಂಬ ಪದಾರ್ಥವನ್ನೇ ಎಂದೂ ಕಾಣದವರು ಗೊತ್ತಿದ್ದ ಉತ್ತರವನ್ನೂ ಬರೆಯದೆ ಕೂತುಬಿಡುತ್ತಾರೆ.

ಹಾಜರಿ ಪುಸ್ತಕದಲ್ಲಿ ಬಂದವರ ಗುರುತಿಗಿಂತ ಬಾರದವರ ಕಾರಣದ ಕಲಂ ಮುಖ್ಯ. ಕೂಲಿ, ಜ್ವರ, ಬಾಣಂತನ, ಅತ್ತೆಯ ಮುನಿಸು, ಏನಾದರೂ ಸರಿ, ಒಂದು ಪದ ಬರೆದಿಡಿ. ಸತತ ಮೂರು ದಿನ ಬಾರದವರ ಮನೆಗೆ ನಾಲ್ಕನೆಯ ದಿನ ಹೋಗಲೇಬೇಕು.

ಆರನೆಯ ತಿಂಗಳು

ಪರೀಕ್ಷೆ ಮುಗಿದು ಬಿತ್ತನೆ ಬಂದರೆ ಕಲಿತದ್ದು ಮರೆತುಹೋಗುತ್ತದೆ. 1990ರ ದಶಕದ ಆಂದೋಲನದಲ್ಲಿ ಕಲಿತ ಎಷ್ಟೋ ಮಂದಿ ಇಂದು ಮತ್ತೆ ನಮ್ಮ ಚಾಪೆಯ ಮೇಲೆ ಬಂದು ಕೂರುತ್ತಿರುವುದು ಇದೇ ಕಾರಣಕ್ಕೆ. ಆದ್ದರಿಂದ ತರಗತಿ ನಡೆಯುತ್ತಿರುವಾಗಲೇ, ಕೊನೆಯ ತಿಂಗಳಲ್ಲಿ, ಎಲ್ಲರನ್ನೂ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕರೆದೊಯ್ದು ಸದಸ್ಯರನ್ನಾಗಿ ಮಾಡಿಸಿ, ಗ್ರಂಥಪಾಲಕರಿಗೆ ಒಬ್ಬೊಬ್ಬರ ಪರಿಚಯ ಹೇಳಿಕೊಡಬೇಕು. ಮಕ್ಕಳ ಕಪಾಟಿನ ದಪ್ಪ ಅಕ್ಷರದ ಪುಸ್ತಕಗಳನ್ನು ಕೇಳಲು ದೊಡ್ಡವರಿಗೆ ನಾಚಿಕೆಯಾಗುತ್ತದೆ, ‘ಮೊಮ್ಮಗಳಿಗೆ ಓದಿ ಹೇಳಲು’ ಎಂದು ಕೇಳಿ ಪಡೆಯುವಂತೆ ಸೂಚಿಸಿದರೆ ಆ ನಾಚಿಕೆ ಇರುವುದಿಲ್ಲ. ಬಿತ್ತನೆಯ ತಿಂಗಳುಗಳಲ್ಲೂ ವಾರಕ್ಕೊಂದು ಸಂಜೆ, ಸಂಘದ ಸಭೆ ನಡೆಯುವ ದಿನವೇ, ಅರ್ಧ ಗಂಟೆ ಮೊದಲು ಸೇರುವ ರೂಢಿಯಿಟ್ಟುಕೊಳ್ಳಿ. ಅಂದಿನ ಪತ್ರಿಕೆಯ ದಪ್ಪ ತಲೆಬರಹವನ್ನು ಒಬ್ಬರು, ಮಾರುಕಟ್ಟೆಯ ಶೇಂಗಾ ಧಾರಣೆಯನ್ನು ಇನ್ನೊಬ್ಬರು ಓದಲಿ, ಸಭೆಯ ನಡಾವಳಿಯನ್ನು ಸರದಿಯ ಮೇಲೆ ಪ್ರತಿ ವಾರ ಬೇರೊಬ್ಬರು ಬರೆಯಲಿ.